ಅತ್ತೆಯ ಹಾಡಿನ ಕೊಕ್ಕೆಗಳು

ಟೈಪಿಂಗ್ ಅಂಗಡಿಯಲ್ಲಿ ಕೂತು ಊರವರ ಬಾಡಿಗೆ ಕರಾರು, ರಜೆ ಅರ್ಜಿಗಳನ್ನೇ ಕುಟ್ಟಿ ಕುಟ್ಟಿ ನನ್ನ ಬೆರಳುಗಳಿಗೂ ಬೇಸರ ಹತ್ತಿತ್ತು. ಹಾಗಾಗಿ ಅತ್ತೆ ತಮ್ಮ ಹಾಡನ್ನು ಟೈಪ್ ಮಾಡು ಅಂದಾಗ ನನ್ನ ಕಿವಿ ನೆಟ್ಟಗಾಯಿತು.

ಅತ್ತೆಯ ತವರಿನ ಭಾಷೆ ಬೇರೆ. ನಮ್ಮ ಮನೆಯಲ್ಲಿ ಅದು ಬರುವುದು ಅವರೊಬ್ಬರಿಗೇ. ಆ ಭಾಷೆಯ ಒಂದು ಜೋಗುಳ ಕೇಳಿಯೇ ಚಿಕ್ಕಂದಿನಲ್ಲಿ ನನ್ನ ಗಂಡ ನಿದ್ದೆ ಹೋಗುತ್ತಿದ್ದುದು, ಆಮೇಲೆ ನನ್ನ ಮಗಳೂ. ಈಗ ಅತ್ತೆಯ ಗಂಟಲಿಗೆ ಆಪರೇಷನ್ ಆಗಬೇಕಿತ್ತು. ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ದನಿ ಹೋದ್ರೆ ಹೋಗ್ಲಿ, ಹಾಡು ಹೋಗ್ಬಾರ್ದು. ನೀನು ಕಲಿ," ಎಂದರು ಅತ್ತೆ. ಹಾಡುವಷ್ಟು ಶಕ್ತಿ ಆಗಲೇ ಇರಲಿಲ್ಲ. ಬರೆದು ತೋರಿಸಿದರು.

ಅಕ್ಷರಗಳು ಇಂಗ್ಲಿಷಿನವೇ, ಆದರೆ ತಲೆಯ ಮೇಲೆ, ಕಾಲ ಕೆಳಗೆ ಏನೇನೋ ಇತ್ತು. ಮೇಲೆ ಗೆರೆ ಇದ್ದರೆ ದನಿ ಏರಬೇಕು. ಕೆಳಗೆ ಚುಕ್ಕೆ ಇದ್ದರೆ ಗಂಟಲಲ್ಲೇ ಹಿಡಿಯಬೇಕು. ಕೊಕ್ಕೆ ಇದ್ದರೆ ದನಿ ಒಡೆಯಬೇಕು.

"ಒಡೆಯೋದು ಅಂದ್ರೆ ಹೇಗೆ ಅತ್ತೆ?"

"ಅಳು ಬರೋಕೆ ಮುಂಚೆ ಗಂಟಲು ಹೇಗಾಗುತ್ತೆ? ಹಾಗೆ."

ಮನೆಯ ಕಂಪ್ಯೂಟರಿನಲ್ಲಿ ಚಿಹ್ನೆಗಳ ಪಟ್ಟಿ ತೆರೆದೆ. ಅಬ್ಬಾ! ಟೋಪಿ ಹಾಕಿದ ಅಕ್ಷರ, ಬಾಲ ಬಿಟ್ಟ ಅಕ್ಷರ, ನೆತ್ತಿಯ ಮೇಲೆ ಉಂಗುರ ಹೊತ್ತ ಅಕ್ಷರ. ಇವನ್ನೆಲ್ಲ ಯಾರು ಬರೆಯುತ್ತಾರೋ, ಹೇಗೆ ಉಚ್ಚರಿಸುತ್ತಾರೋ ಎಂದು ನೋಡುತ್ತಾ ಕೂತವಳಿಗೆ ಒಲೆಯ ಮೇಲೆ ಹಾಲಿಟ್ಟದ್ದೂ ಮರೆತುಹೋಯಿತು. ಗೆರೆಯದು ಸಿಕ್ಕಿತು, ಚುಕ್ಕೆಯದೂ ಸಿಕ್ಕಿತು. ಕೊಕ್ಕೆಯದು ಮಾತ್ರ ಇಲ್ಲ. ನಾನೇನು ಬಿಡುವವಳೇ? ಚಿತ್ರ ಬಿಡಿಸುವ ಕಡೆ ಹೋಗಿ ಪುಟ್ಟ ಕೊಕ್ಕೆಯೊಂದನ್ನು ಬರೆದೆ. ಅದರ ನಕಲುಗಳನ್ನು ಒಂದೊಂದಾಗಿ ಎಳೆದು ತಂದು ಅಕ್ಷರಗಳ ತಲೆಯ ಮೇಲೆ ಕೂರಿಸಿದೆ.

"ಏನಿದು, ಹಾಳೆ ತುಂಬ ಸೊಳ್ಳೆ?" ಎಂದರು ನನ್ನವರು. ಅತ್ತೆ ಪರದೆಗೆ ಮೂಗು ತಾಗಿಸಿ ನೋಡಿ, ಸರಿಯಾಗಿದೆ ಎಂದರು. ಬರೆದು ತೋರಿಸಿದ ಚೀಟಿಯನ್ನು ಇನ್ನೇಕೆಂದು ಹರಿದೂ ಹಾಕಿದರು.

ಆಪರೇಷನ್ ಆಯಿತು, ದನಿ ಹೋಯಿತು. ಅತ್ತೆ ಮಲಗಿದಲ್ಲೇ ಓದಲಿ ಎಂದು ಅಕ್ಷರ ದೊಡ್ಡದು ಮಾಡಿ, ಪ್ರಿಂಟ್ ತೆಗೆದು ಆಸ್ಪತ್ರೆಗೆ ಒಯ್ದೆ. ಮಂಚದ ಪಕ್ಕ ಕೂತು ಗತ್ತಿನಿಂದ ಹಾಡತೊಡಗಿದೆ. ರಾಗ ನನಗೆ ಗೊತ್ತಿತ್ತು, ಒಡೆಯುವ ಜಾಗಗಳಷ್ಟೇ ಗೊತ್ತಿರಲಿಲ್ಲ. ಅತ್ತೆ ಮೊದಲು ಹಣೆ ಗಂಟಿಕ್ಕಿದರು, ಆಮೇಲೆ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕರು. ದೊಡ್ಡದು ಮಾಡಿದಾಗ ಅಕ್ಷರಗಳು ಮುಂದೆ ಸರಿದಿದ್ದವು, ಚಿತ್ರವಾಗಿದ್ದ ನನ್ನ ಕೊಕ್ಕೆಗಳು ಇದ್ದಲ್ಲೇ ಕೂತಿದ್ದವು. ಒಡೆಯಬಾರದ ಕಡೆಯೆಲ್ಲ ನಾನು ಗಂಟಲು ಒಡೆದುಕೊಂಡಿದ್ದೆ.

ನನಗೆ ನಗು ಬರಲಿಲ್ಲ. ಇನ್ನು ಯಾರು ಹಾಡಿ ತೋರಿಸಬೇಕು?

ಅತ್ತೆ ನನ್ನ ಮಣಿಕಟ್ಟು ಹಿಡಿದು, ಹಾಡು ಎಂದು ಗಲ್ಲ ಎತ್ತಿ ಸನ್ನೆ ಮಾಡಿದರು. ಒಡೆಯುವ ಜಾಗ ಬಂದಾಗಲೆಲ್ಲ ಚಿವುಟಿದರು. ನಾನು ಅಲ್ಲಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಮನೆಗೆ ಬರುವಾಗ ಕೈ ಕೆಂಪಾಗಿತ್ತು.

ಮತ್ತೆ ಆ ಚಿಹ್ನೆಗಳ ಪಟ್ಟಿಯನ್ನು ಜಾಲಾಡಿದೆ. ಕೆಳಗೆಲ್ಲೋ ಅಕ್ಷರವಿಲ್ಲದ ಬರಿಯ ಗುರುತುಗಳ ಸಾಲೊಂದಿತ್ತು, ಅದರಲ್ಲಿ ನನ್ನ ಕೊಕ್ಕೆ! ಅಕ್ಷರ ಒತ್ತಿ, ಹಿಂದೆಯೇ ಅದನ್ನು ಒತ್ತಿದೆ. ಟಣ್ಣನೆ ಹಾರಿ ಅಕ್ಷರದ ನೆತ್ತಿಯ ಮೇಲೆ ಕೂತಿತು. ದೊಡ್ಡದು ಮಾಡಿದೆ, ಚಿಕ್ಕದು ಮಾಡಿದೆ, ಮುಂದಿನ ಸಾಲಿಗೆ ತಳ್ಳಿದೆ, ನಮ್ಮ ಕಾಗುಣಿತದ ಕೊಂಬಿನ ಹಾಗೆ ಜೊತೆಗೇ ಹೋಯಿತು. ಖುಷಿಗೆ ಕೂಗಿಕೊಂಡೆ.

"ಈ ಸಲ ಸೊಳ್ಳೆ ಗಟ್ಟಿಯಾಗಿ ಕಚ್ಚಿಕೊಂಡಿದೆ ಬಿಡು," ಎಂದರು ನನ್ನವರು.

ಮರುದಿನ ಅತ್ತೆಯ ಮುಂದೆ ಕೂತು ಹೊಸ ಹಾಳೆ ನೋಡಿ ಹಾಡಿದೆ. ಅತ್ತೆ ಎಲ್ಲೂ ಚಿವುಟಲಿಲ್ಲ. ಕೊನೆಯ ಸಾಲಿನಲ್ಲಿ ಕೊಕ್ಕೆಯೇ ಇಲ್ಲ, ನೇರವಾಗಿ ಮುಗಿಯಬೇಕು. ಅಲ್ಲಿಗೆ ಬಂದಾಗ ತಲೆ ಎತ್ತಿದೆ. ಅತ್ತೆಯ ತುಟಿಗಳು ನನ್ನ ಜೊತೆಗೇ ಅಲುಗುತ್ತಿದ್ದವು, ಸದ್ದಿಲ್ಲದೆ. ನನ್ನ ದನಿ ಒಡೆಯಿತು.

"ತಪ್ಪಾಯ್ತು ಅತ್ತೆ, ಇಲ್ಲಿ ಕೊಕ್ಕೆ ಇಲ್ಲ," ಎಂದೆ.

ಅತ್ತೆ ಕೈ ಚಾಚಿ ಪೆನ್ಸಿಲ್ ತೆಗೆದುಕೊಂಡರು. ನನ್ನ ದನಿ ಒಡೆದ ಅಕ್ಷರದ ತಲೆಯ ಮೇಲೆ ನಿಧಾನವಾಗಿ ಒಂದು ಕೊಕ್ಕೆ ಬರೆದು, ಹಾಳೆಯನ್ನು ನನಗೆ ಕೊಟ್ಟರು.

ಮನೆಗೆ ಬಂದು ಅದನ್ನೂ ಟೈಪ್ ಮಾಡಿದೆ.