ನಿಖಿತಾ ಆಚೆ, ರಶ್ಮಿ ಈಚೆ

ಕೊಟ್ಟಿಗೆಹಾರ ದಾಟಿದ ಮೇಲೆ ರಶ್ಮಿ ಎರಡು ಸಲ 'ಬೇಡ' ಅನ್ನಲು ಬಾಯಿ ತೆರೆದಳು. ಎರಡು ಸಲವೂ ಜೀಪ್ ಓಡಿಸುತ್ತಿದ್ದ ನಿಖಿತಾ ಬೇರೇನೋ ಮಾತು ತೆಗೆದಳು. ಹಿಂದಿನ ಸೀಟಿನಲ್ಲಿ ದರ್ಶನ್ ಟಾರ್ಚ್ ಹೊತ್ತಿಸಿ ಆರಿಸಿ ನೋಡುತ್ತಿದ್ದ. ಮೂವರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಈಗ ರಶ್ಮಿ ಆಲ್ದೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರುತ್ತಾಳೆ, ದರ್ಶನ್ ಮೊಬೈಲ್ ರಿಪೇರಿ ಮಾಡುತ್ತಾನೆ, ನಿಖಿತಾ ಮನೆಯ ಎಸ್ಟೇಟ್ ನೋಡಿಕೊಳ್ಳುತ್ತಾಳೆ. ಭಾನುವಾರ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವಳು ಯಾವಾಗಲೂ ನಿಖಿತಾಳೇ.

ಈ ಸಲ ಅವಳು ಆರಿಸಿದ್ದು ತಮ್ಮ ತೋಟದ ತಲೆಯಲ್ಲಿದ್ದ ಹಳೆಯ ಸುರಂಗ. ಗುಡ್ಡದಾಚೆಯ ಹಳ್ಳದ ನೀರನ್ನು ಕಾಫಿ ಹಣ್ಣು ತೊಳೆಯಲು ತರುವುದಕ್ಕೆ ಯಾವ ಕಾಲದಲ್ಲೋ ತೋಡಿದ್ದು. ಕೆಲವು ವರ್ಷಗಳ ಹಿಂದಿನ ಮಳೆಗೆ ಗುಡ್ಡ ಜಾರಿ ಆಚೆಯ ಬಾಯಿ ಮುಚ್ಚಿಹೋಗಿತ್ತು, ನಡುವೆಯೂ ಕುಸಿದಿತ್ತು.

ಎಸ್ಟೇಟಿನ ಆಳು-ಲೆಕ್ಕ ನೋಡುವ ರೈಟರ್ ನಿಂಗಯ್ಯ ದಾರಿಯಲ್ಲೇ ತಡೆದರು. "ಬಾಯಿ ಹತ್ರ ನಿಂತು ನೋಡ್ಕೊಂಡು ಬನ್ನಿ ಅಮ್ಮ. ಒಳಗೆ ಹೋಗ್ಬೇಡಿ."

"ಆಯ್ತು ನಿಂಗಯ್ಯನವ್ರೇ," ಎಂದ ನಿಖಿತಾ ಬಾಯಿಯ ಹತ್ತಿರ ನಿಲ್ಲಲೇ ಇಲ್ಲ.

ಒಳಗೆ ಪಾದ ಮುಳುಗುವಷ್ಟು ಕೆಸರು. ರಶ್ಮಿ ಹೆಜ್ಜೆ ಎಣಿಸುತ್ತ ನಡೆದಳು. ಎಪ್ಪತ್ತಕ್ಕೆ ಮಣ್ಣಿನ ರಾಶಿ ಅಡ್ಡ ಬಂತು. ರಾಶಿಯ ಮೇಲೆ, ಸೂರಿಗೆ ತಾಗಿದಂತೆ, ಒಬ್ಬರು ತೆವಳಿ ಹೋಗುವಷ್ಟು ಸಂದು. ದರ್ಶನ್ "ಸಾಕು ಮಾರಾಯ್ತಿ" ಎನ್ನುವಷ್ಟರಲ್ಲಿ ನಿಖಿತಾಳ ಚಪ್ಪಲಿ ಆ ಸಂದಿನಲ್ಲಿ ಮರೆಯಾಗಿತ್ತು.

"ಬಾರೇ ರಶ್ಮಿ! ಇಲ್ಲಿ ನೆಟ್ಟಗೆ ನಿಂತ್ಕೋಬಹುದು!"

ರಶ್ಮಿ ರಾಶಿಗೆ ಕೈ ಊರಿದಳು. ಅಷ್ಟರಲ್ಲಿ ಒಳಗೆ ಏನೋ ದೊಪ್ಪನೆ ಕುಸಿಯಿತು. ಮುಖಕ್ಕೆ ಧೂಳು ರಾಚಿತು. ದರ್ಶನ್ ಟಾರ್ಚ್ ಹಾಕಿ ನೋಡಿದರೆ ಸಂದು ಇರಲಿಲ್ಲ.

"ಜನ ಕರ್ಕೊಂಡ್ ಬರ್ತೀನಿ," ಎಂದು ದರ್ಶನ್ ಓಡಿದ. ಹೆದರಿ ಓಡಿದನೆಂದೇ ರಶ್ಮಿಗೆ ಅನಿಸಿತು. ಅವಳು ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ಬಗೆದಷ್ಟೂ ಮೇಲಿನಿಂದ ಇಳಿಯುತ್ತಿತ್ತು. ಹೆಸರು ಹಿಡಿದು ಕೂಗಿದಳು. ಬಹಳ ಹೊತ್ತಿನ ಮೇಲೆ ಆಚೆಯಿಂದ ಸಣ್ಣ ದನಿ ಕೇಳಿತು:

"ಕಾಲ ಮೇಲೆ ಕಲ್ಲು ಬಿದ್ದಿದೆ. ಮಾತಾಡ್ತಾ ಇರೇ. ಏನಾದ್ರೂ ಮಾತಾಡು."

ಏನು ಮಾತಾಡುವುದು? ಅಳು, ಸಿಟ್ಟು ಒಟ್ಟಿಗೆ ಬಂದವು. "ನಂಗೆ ಬರೋಕೇ ಇಷ್ಟ ಇರ್ಲಿಲ್ಲ ಕಣೇ! ಹೋದ ವಾರ ದೇವರಮನೆ ಬೆಟ್ಟಕ್ಕೆ ಹೋಗೋಕೂ ಇಷ್ಟ ಇರ್ಲಿಲ್ಲ. ನೀನು ಯಾವತ್ತಾದ್ರೂ ನನ್ನ ಕೇಳಿದೀಯಾ? ನೀನು ಹಾರ್ನ್ ಹೊಡೀತೀಯ, ನಾನು ನಾಯಿ ಥರ ಓಡಿ ಬರ್ಬೇಕು!"

ರಶ್ಮಿ ಮತ್ತಷ್ಟು ಜೋರಾಗಿ ಮಣ್ಣು ಬಗೆದಳು.

"ಬಿಡಿ ಅಮ್ಮ, ಮುಟ್ಬೇಡಿ!" ಹಿಂದಿನಿಂದ ನಿಂಗಯ್ಯ ಅವಳ ತೋಳು ಹಿಡಿದೆಳೆದರು. "ಕೆಳಗಿಂದ ತೆಗೆದ್ರೆ ಮೇಲಿಂದೆಲ್ಲ ಕೂರುತ್ತೆ." ಜೊತೆಗೆ ನಾಲ್ಕು ಆಳು, ಗುದ್ದಲಿ, ಬುಟ್ಟಿ, ಸೂರಿಗೆ ಆನಿಸಲು ಸಿಲ್ವರ್ ಓಕ್ ದಿಮ್ಮಿ. ದಿಮ್ಮಿಯ ಒಂದು ತುದಿ ದರ್ಶನನ ಹೆಗಲ ಮೇಲಿತ್ತು.

ಅವರು ಒಂದೊಂದೇ ಬುಟ್ಟಿ ಮಣ್ಣನ್ನು ಮೇಲಿನಿಂದ ತೆಗೆದರು. ರಶ್ಮಿಗೆ ಮಾಡಲು ಏನೂ ಉಳಿಯಲಿಲ್ಲ. ಕೂತಳು, ಎದ್ದಳು, ಹೊರಗೆ ಹೋದಳು, ಮತ್ತೆ ಒಳಗೆ ಬಂದಳು. ನಾನೇ ಮಣ್ಣು ಅವಳ ಮೇಲೆ ಬೀಳಿಸಿದೆನೇನೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಎರಡು ಗಂಟೆ ಕಳೆದ ಮೇಲೆ ನಿಖಿತಾಳನ್ನು ಹೊರಗೆಳೆದರು. ಪಾದ ಊದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳು ರಶ್ಮಿಯನ್ನು ಹುಡುಕಿದಳು.

"ನೀನು ಹೇಳಿದ್ದೆಲ್ಲ ಕೇಳಿಸ್ತು," ಎಂದಳು. ಮೂಡಿಗೆರೆಯ ಆಸ್ಪತ್ರೆಯವರೆಗೂ ಜೀಪಿನ ಆಚೆಯೇ ನೋಡುತ್ತ ಕೂತಳು.

ಮುಂದಿನ ಭಾನುವಾರ ನಿಖಿತಾಳ ಫೋನ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಂಗಡಿಯಲ್ಲಿ ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತ ರಶ್ಮಿ ಹತ್ತು ಸಲ ಮೊಬೈಲ್ ನೋಡಿದಳು. ಕೊನೆಗೆ ತಾನೇ ಫೋನ್ ಮಾಡಿದಳು.

"ಎಲ್ಲಿಗೂ ಬೇಡ," ಎಂದಳು. "ಮನೆಗೆ ಬಾ. ಅಮ್ಮ ಕಡುಬು ಮಾಡಿದಾರೆ."

ನಿಖಿತಾ ದನಿ ತಗ್ಗಿಸಿದಳು.

"ಬರ್ತೀನಿ. ಆದ್ರೆ ಜಗಲೀಲೇ ಕೂರೋಣ ಕಣೇ. ರೂಮಿನ ಬಾಗಿಲು ಹಾಕಿದ್ರೆ ನಂಗೆ ಈಗ ಉಸಿರು ಕಟ್ಟುತ್ತೆ."