ನೂರ ಹನ್ನೆರಡನೇ ಪುಟದ ಮುಖ

"ಇನ್ನೆಂತ ನೋಡ್ಲಿಕ್ಕುಂಟು ಭಟ್ರೇ? ಮೂರು ಸಲ ಆಫ್ ಮಾಡಿ ಆನ್ ಮಾಡಿದ್ರಿ. ಪಾಪ, ಅದಕ್ಕೂ ಸುಸ್ತಾಗ್ತದೆ," ಎಂದರು ಉಸ್ಮಾನ್.

ವಿಷ್ಣುಪ್ರಸಾದ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಕುದ್ರೋಳಿಯಲ್ಲಿ ಉಸ್ಮಾನರ ಈ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅಂಗಡಿಗೆ ಅವನು ಬರುತ್ತಿರುವುದು ಇದು ನಾಲ್ಕನೆಯ ದಿನ. ಹಗಲು ಬಂದರಿನ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ, ಸಂಜೆ ಕಾಲೇಜು, ಉಳಿದ ಪುಟಗಳು ಮನೆಯಲ್ಲಿ. ಮನೆಯ ಲ್ಯಾಪ್‌ಟಾಪಿನ ಮೆಮೊರಿ ನಾಲ್ಕೇ ಜಿಬಿ. ದೊಡ್ಡ ಪುಸ್ತಕ ತೆರೆದರೆ ಏದುಸಿರು, ಫೋಟೊ ಇರಬೇಕಾದಲ್ಲೆಲ್ಲ ಬರೀ ಬೂದು ಚೌಕ. ಸೋಮವಾರದೊಳಗೆ ಎಂಟು ಜಿಬಿ ಆಗದಿದ್ದರೆ ಮನೆಗೆ ಕೆಲಸ ಕೊಡುವುದಿಲ್ಲವೆಂದು ಧಣಿ ಹೇಳಿದ್ದರು. ಆ ಕೆಲಸ ಹೋದರೆ ಕೊನೆಯ ವರ್ಷದ ಫೀಸೂ ಹೋಯಿತು. ಮೇಜಿನ ಮೇಲಿದ್ದ ಎಂಟು ಜಿಬಿಯದ್ದರ ಬೆಲೆಯೋ, ಅವನ ಜೇಬಿಗಿಂತ ಎರಡು ಸಾವಿರ ಹೆಚ್ಚು.

"ಒಂದೇ ಒಂದು ಪರೀಕ್ಷೆ, ಸಾಹೇಬ್ರೇ," ಎಂದು ಪೆನ್‌ಡ್ರೈವ್ ಚುಚ್ಚಿದ. ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆ. ಕಳೆದ ವರ್ಷ ಅವನೇ ಮನೆಯಲ್ಲಿ ಜೋಡಿಸಿದ್ದು. ಶುಭ ಕೋರುವವರ ಜಾಹೀರಾತೇ ನೂರು ಪುಟ. ಇದನ್ನು ಹೊತ್ತ ಮೆಷಿನು ಏನನ್ನೂ ಹೊತ್ತೀತು.

ಪುಟಗಳು ನೀರಿನಂತೆ ಸರಿದವು. ಬೂದು ಚೌಕಗಳಿದ್ದಲ್ಲಿ ಮುಖಗಳು, ಮೀಸೆಗಳು, ಶಾಲುಗಳು.

"ನಿಲ್ಲಿ, ನಿಲ್ಲಿ! ಅದು ನಾನಲ್ವಾ?"

ನೂರ ಹನ್ನೆರಡನೇ ಪುಟ. ಉಸ್ಮಾನರ ನಗುಮುಖದ ಕೆಳಗೆ, "ಝೇವಿಯರ್ ಶಾಮಿಯಾನ: ಕುರ್ಚಿ, ಪಾತ್ರೆ ಬಾಡಿಗೆಗೆ." ಎದುರಿನ ಪುಟದಲ್ಲಿ ಉಸ್ಮಾನರ ಅಂಗಡಿಯ ಹೆಸರಿನ ಮೇಲೆ ಝೇವಿಯರನ ಮೀಸೆ.

"ಯಾ ಅಲ್ಲಾ! ಅದಕ್ಕೇ ಒಂದು ವರ್ಷದಿಂದ ಸಿಕ್ಕಿದವರೆಲ್ಲ ನನ್ನತ್ರ ಕುರ್ಚಿ ಕೇಳುದು! ಮೊನ್ನೆ ಒಬ್ರು, ಪಾತ್ರೆ ತೂತಾಗಿತ್ತು ಅಂತ ಬೈದೂ ಹೋದ್ರು. ನನಗೆ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಕವರಲ್ಲೇ ಉಂಟು, ಬಿಡಿಸ್ಲೇ ಇಲ್ಲ. ಯಾವ ಕತ್ತೆ ಮಾರಾಯ್ರೇ ಇದನ್ನು ಮಾಡಿದ್ದು?"

ಯಾರೋ ಏನೋ ಎಂದು ವಿಷ್ಣುಪ್ರಸಾದ ಅಂದುಬಿಡಬಹುದಿತ್ತು. ಬೆಲೆ ಇಳಿಸಲು ಕೇಳುವುದು ಇನ್ನೂ ಬಾಕಿಯಿತ್ತು. ಪ್ರೂಫಿನಲ್ಲಿ ಪ್ರತಿ ಅಕ್ಷರವನ್ನೂ ಮೂರು ಸಲ ನೋಡಿದ್ದ, ಮುಖಗಳನ್ನು ನೋಡಿರಲಿಲ್ಲ.

"ನಾನೇ," ಎಂದ. "ನನ್ನ ಲ್ಯಾಪ್‌ಟಾಪಿನಲ್ಲಿ ನೀವಿಬ್ರೂ ಬೂದು ಚೌಕ, ಸಾಹೇಬ್ರೇ. ಅಂದಾಜಿನಲ್ಲಿ ಇಟ್ಟೆ."

ಉಸ್ಮಾನ್ ಅವನನ್ನೇ ನೋಡಿದರು. "ಮತ್ತೆ ನಾಲ್ಕು ದಿನದಿಂದ ನನ್ನ ಮೆಷಿನಿಗೆ ನೀವು ಪರೀಕ್ಷೆ ಮಾಡುದು!" ಎಂದು ತಲೆ ಕೆರೆದುಕೊಂಡರು. "ಆಯ್ತು, ನೀವು ನಿಜ ಹೇಳಿದ್ರಲ್ಲ, ನಾನೂ ಹೇಳ್ತೇನೆ. ನಿಮಗೆ ಇದು ಬೇಡ. ಹಳತನ್ನೇ ತನ್ನಿ, ಇನ್ನೊಂದು ನಾಲ್ಕು ಜಿಬಿ ಕೂರಿಸಿ ಕೊಡ್ತೇನೆ. ಇದರ ಕಾಲು ಭಾಗವೂ ಖರ್ಚಿಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಪ್ರಶ್ನೆ ಬರ್ಕೊಂಡು ಬಂದದ್ದು, ಅದೊಂದನ್ನು ಕೇಳ್ಲಿಲ್ಲ."

ಅಷ್ಟರಲ್ಲಿ ಕೊಡೆ ಮಡಚುತ್ತ ಹೆಂಗಸೊಬ್ಬರು ಬಾಗಿಲಲ್ಲಿ ಇಣುಕಿದರು. "ಸಾಹೇಬ್ರೇ, ಆದಿತ್ಯವಾರಕ್ಕೆ ಐವತ್ತು ಕುರ್ಚಿ ಉಂಟಾ?"

ಉಸ್ಮಾನ್ ವಿಷ್ಣುಪ್ರಸಾದನ ಕಡೆ ಬೆರಳು ತೋರಿದರು.

ಅವನು ಪರದೆಗೆ ಬಗ್ಗಿದ. ಉಸ್ಮಾನರ ನಗುಮುಖದ ಕೆಳಗಿದ್ದ ಝೇವಿಯರನ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದ. ಮತ್ತೆ, ಮೊದಲಿಂದ ಇನ್ನೊಮ್ಮೆ.