ನಲವತ್ತೊಂದರ ಪಾಸ್‌ಪೋರ್ಟ್

ವಿಮಾನ ಇಳಿದು ಬಂದ ದಿನ ಕಾರ್ಖಾನೆಯ ಮೇಸ್ತ್ರಿ ಅಚ್ಚ ಕನ್ನಡದಲ್ಲಿ, "ಊಟ ಆಯ್ತೇನಪ್ಪಾ?" ಎಂದರು. ಪರದೇಶದಲ್ಲಿ ಹಾಗೆ ಕೇಳಿದವರಿಗೆ ನಮ್ಮವರು ಕಿಡ್ನಿ ಬೇಕಾದರೂ ಬಿಚ್ಚಿಕೊಡುತ್ತಾರೆ. ನಾನು ಪಾಸ್‌ಪೋರ್ಟ್ ಕೊಟ್ಟೆ. "ಜೋಪಾನವಾಗಿ ಇಟ್ಟಿರ್ತೀನಿ. ನಾವು ನಾವು ತಾನೇ?" ಎಂದು ಒಳಜೇಬಿಗೆ ಇಳಿಸಿದರು. ಕೊಟ್ಟದ್ದಕ್ಕೆ ಒಂದು ಚೀಟಿ ಕೇಳಲೂ ನನಗೆ ಸಂಕೋಚ.

ಕೆಲಸ, ಆಸ್ಪತ್ರೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ. ಕರೆಸಿಕೊಂಡವರು ಅಕ್ಕನ ಗಂಡ. ಒದ್ದೆ ಹಾಸುಬಟ್ಟೆಯ ಎರಡು ತುದಿ ಅವರು, ಎರಡು ತುದಿ ನಾನು ಹಿಡಿದು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. "ಊರಲ್ಲಿ ಸ್ತ್ರೀ, ಇಲ್ಲಿ ಇಸ್ತ್ರಿ, ಎಲ್ಲರ ಮೇಲೂ ಮೇಸ್ತ್ರಿ, ಅಲ್ವಾ ಭಾವ?" ಎಂದೆ. ನನ್ನ ಇಂಥ ಮಾತಿಗೆ ಮದುವೆಮನೆಯಲ್ಲಿ ಎಲೆ ಮುಂದೆಯೇ ಉರುಳಾಡಿದ್ದ ಮನುಷ್ಯ, "ಬೆರಳು ಜೋಪಾನ" ಎಂದರು, ಅಷ್ಟೆ.

ಕೋಣೆಯಲ್ಲಿ ಆರು ಕಬ್ಬಿಣದ ಮಂಚ. ನನ್ನ ಮಂಚಕ್ಕೂ ಅಂಗಿಗೂ ನಲವತ್ತೊಂದು ಎಂದು ನಂಬರು. ದಿಂಬಿನ ಕೆಳಗೆ ಒಂದು ಕನ್ನಡಕ ಸಿಕ್ಕಿತು. ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ.

"ಇದ್ಯಾರದ್ದು ಭಾವ?"

"ಮುಂಚಿನ ನಲವತ್ತೊಂದರದ್ದು. ಊರಿಗೆ ಹೋದ."

"ಇದನ್ನ ಬಿಟ್ಟೇ ಹೋದನಾ? ಊರು ಕಾಣೋದು ಹೇಗೆ?"

"ಬಾಯ್ಮುಚ್ಕೊಂಡು ಮಲಕ್ಕೋ."

ಮೂರನೆಯ ದಿನ ಕೋಣೆಯಲ್ಲಿ ಮೇಸ್ತ್ರಿಯ ದನಿ ಮಾಡಿ ತೋರಿಸಿದೆ. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಜಾರುವ ದನಿ, ಮಾತಿಗೊಂದು "ಏನಪ್ಪಾ". ಐದು ಜನರೂ ನಗುವ ಮುಂಚೆ ಬಾಗಿಲು ನೋಡಿದರು. ನೋಡಿದ ಮೇಲೂ ನಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಉರುಳೆಯ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ನಾಳೆ ಹಳೇ ಕಟ್ಟಡಕ್ಕೆ ಹೋಗ್ತೀಯಪ್ಪಾ. ಹಾಸಿಗೆ ಸುತ್ತಿಟ್ಕೋ. ಅಲ್ಲಿ ಹೊರಗೆ ಓಡಾಡೋ ತಾಪತ್ರಯಾನೇ ಇಲ್ಲ."

ಅವರು ಹೋದ ಮೇಲೆ ನೋಡಿದರೆ ಹಾಸುಬಟ್ಟೆಯ ಭಾವನ ಕಡೆಯ ತುದಿ ನೆಲದ ಮೇಲಿತ್ತು.

"ಆ ಕನ್ನಡಕದವನನ್ನೂ ಅಲ್ಲಿಗೇ ಕಳಿಸಿದ್ರು. ಆಮೇಲೆ ನಾವ್ಯಾರೂ ನೋಡಿಲ್ಲ" ಎಂದರು, ತುಟಿ ಅಲುಗಾಡಿಸದೆ. "ಇವತ್ತೇ ಹೊರಟುಬಿಡು."

"ಗೊತ್ತಿದ್ದೂ ನನ್ನ ಯಾಕೆ ಕರೆಸಿದ್ರಿ?"

"ಫೋನು ನನ್ನ ಕೈಲಿತ್ತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ರು."

"ಪಾಸ್‌ಪೋರ್ಟ್ ಇಲ್ದೆ ಎಲ್ಲಿಗೆ ಹೋಗ್ಲಿ ಭಾವ?"

ಅವರು ಬಿದ್ದ ತುದಿಯನ್ನೆತ್ತಿ ಉರುಳೆಗೆ ಕೊಟ್ಟರು.

ಮಧ್ಯಾಹ್ನ ಮೇಸ್ತ್ರಿ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟರು. ಹೋಗಿಬರಲು ಅರ್ಧ ಗಂಟೆ. ಹಿಂದಿನ ಗೇಟು ತೆಗೆದಿಡಿ ಎಂದು ಭಾವನಿಗೆ ಹೇಳಿ, ಒಣಗಿಸುವ ಯಂತ್ರದ ಪಕ್ಕದ ಫೋನೆತ್ತಿ ಆಫೀಸಿನ ನಂಬರು ಒತ್ತಿದೆ. ಗುಮಾಸ್ತನೂ ನಮ್ಮ ಭಾಷೆಯವನೇ. ಇಲ್ಲಿ ಬಲೆ ಪೂರ್ತಿ ಕನ್ನಡದ ದಾರದಲ್ಲೇ ಹೆಣೆದದ್ದು. ಉಸಿರು ಮೂಗಿಗೆ ತಂದುಕೊಂಡೆ.

"ಏನಪ್ಪಾ, ಊಟ ಆಯ್ತಾ? ನಲವತ್ತೊಂದರ ಪಾಸ್‌ಪೋರ್ಟ್ ತೆಗೆದಿಡು. ಅವನನ್ನೇ ಕಳಿಸ್ತೀನಿ, ಕೊಟ್ಬಿಡು. ಸರ್ಕಾರಿ ಕಚೇರಿಲಿ ತೋರಿಸ್ಬೇಕಂತೆ."

ಬೀರು ತೆರೆದ ಸದ್ದು. ಏನೋ ಸರಿಸಿದ ಸದ್ದು.

"ಸರ್, ನಲವತ್ತೊಂದರದ್ದು ಎರಡಿವೆ. ಹೊಸಬನದಾ, ಹಳಬನದಾ?"

ಪಾಸ್‌ಪೋರ್ಟ್ ಇಲ್ಲದೆ, ಕನ್ನಡಕ ಇಲ್ಲದೆ ಅವನು ಯಾವ ಊರಿಗೆ ಹೋದ?

"ಎರಡೂ" ಎಂದೆ. ದನಿ ನನಗೇ ಗೊತ್ತಾಗದಂತೆ ನನ್ನದೇ ಆಗಿತ್ತು.

ಆಫೀಸಿನ ಕಿಂಡಿಯಲ್ಲಿ ಗುಮಾಸ್ತ ತಲೆ ಎತ್ತಲಿಲ್ಲ. ಎರಡನ್ನೂ ಹೊರಗೆ ತಳ್ಳಿ, "ನಾನು ಯಾರ ದನೀನೂ ಕೇಳಿಲ್ಲ. ಬೇಗ ನಡಿ" ಎಂದು ಕಿಂಡಿ ಮುಚ್ಚಿದ.

ಹಿಂದಿನ ಗೇಟಿನ ಬಳಿ ಭಾವ ಕೊಳೆಬಟ್ಟೆಯ ಗಾಡಿ ಅಡ್ಡ ನಿಲ್ಲಿಸಿ, ಅಗುಳಿ ತೆಗೆದು ಕಾಯುತ್ತಿದ್ದರು. ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಿದ್ದರು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದರು. ನನ್ನ ಕೈಯಲ್ಲಿ ಎರಡು ಪಾಸ್‌ಪೋರ್ಟ್ ಕಂಡದ್ದೇ ಮುಖ ಅರಳಿತು. ಆರು ದಿನದಲ್ಲಿ ಮೊದಲ ಸಲ ನಕ್ಕರು.

"ಭೇಷ್! ನಂದೂ ತಂದ್ಯೇನೋ?"

ಮುಂದಿನ ಗೇಟಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು.